ಬೆಣ್ಣಿಹಳ್ಳಕ್ಕೆ ಇಳಿಯುವ ಲೆಕ್ಕ

ಹುಬ್ಬಳ್ಳಿಯ ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಇನ್ನೂ ಎರಡು ದಿನ ಹೆಚ್ಚೇ. ನಸುಕಿನ ಮೂರಕ್ಕೋ ನಾಲ್ಕಕ್ಕೋ ನಳ ಮೊದಲು ಗಾಳಿ ಉಗುಳುತ್ತದೆ, ಆಮೇಲೆ ಒಂದಿಷ್ಟು ಕೆಂಪು ನೀರು, ಆಮೇಲೆ ತಿಳಿ. ಎದುರು ಮನೆಯ ಅಕ್ಕಾರಿಗೆ ಆ ಗಾಳಿಯ ಸಪ್ಪಳಕ್ಕೇ ಎಚ್ಚರ. ‘ನೀರು ಬಂದಾವ್ರೀ, ಏಳ್ರೀ’ ಅಂತ ಅವರು ಕೂಗಿದರೆ ಓಣಿಯ ಲೈಟೆಲ್ಲ ಹತ್ತುತ್ತವೆ. ಎದ್ದವರು ಮೊದಲು ಮಾಡುವ ಕೆಲಸ ಚೆಲ್ಲುವುದು. ಡ್ರಮ್ಮು, ಹಂಡೆ, ಕೊಡ, ಬಕೀಟು, ಎಲ್ಲದರ ತಳದಲ್ಲಿ ಉಳಿದ ಕಳೆದ ವಾರದ ನೀರು ಅಂಗಳಕ್ಕೆ, ಅಂಗಳದಿಂದ ಗಟಾರಕ್ಕೆ. ನಿನ್ನೆ ರಾತ್ರಿ ಮಲಗುವವರೆಗೂ ತಂಬಿಗೆ ಲೆಕ್ಕದಲ್ಲಿ ಬಳಸಿದ್ದು ಇದೇ ನೀರನ್ನು. ‘ಹಳೇ ನೀರು ಯಾರು ಕುಡೀತಾರ್ರೀ, ಹುಳ ಆಗಿರ್ತಾವ’ ಅನ್ನುತ್ತಾರೆ ಅಕ್ಕಾರು. ನಮ್ಮ ಮನೆಯಲ್ಲೂ ಇದೇ ಕತೆ.

‘ಸುಸ್ಥಿರ ಅಭಿವೃದ್ಧಿ’ ಅನ್ನುವ ಪದ ಸೆಮಿನಾರಿನ ಬ್ಯಾನರುಗಳಲ್ಲಿ ಕಂಡಾಗಲೆಲ್ಲ ನನಗೆ ಆ ನಸುಕಿನ ಗಟಾರದ ಸಪ್ಪಳ ಕೇಳುತ್ತದೆ. ವಿಶ್ವಸಂಸ್ಥೆ 2015ರಲ್ಲಿ 17 ಗುರಿ ಹಾಕಿಕೊಂಡಿತು, 2030ಕ್ಕೆ ಗಡುವು. ಆ 17 ಗುರಿಗಳ ಬಣ್ಣದ ಚೌಕಗಳನ್ನು ಧಾರವಾಡದ ಕಾಲೇಜುಗಳ ಗೋಡೆಯ ಮೇಲೂ ನೋಡಿದ್ದೇನೆ. ಗುರಿಗಳ ಬಗ್ಗೆ ತಕರಾರಿಲ್ಲ. ಆದರೆ ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳಲ್ಲಿ (1997ರವರೆಗೆ ಮೂರೂ ಒಂದೇ ಜಿಲ್ಲೆ) ಕಳೆದ ನಲವತ್ತೈವತ್ತು ವರ್ಷ ಏನಾಯಿತು ಅಂತ ನೋಡಿದರೆ ತೊಡಕು ಬೇರೆ ಕಡೆ ಇದೆ ಅನಿಸುತ್ತದೆ. ಒಂದು ಕಡೆಯವರಿಗೆ ಅನುಕೂಲವಾದ ಪ್ರತಿಯೊಂದು ಕೆಲಸದ ಬಿಲ್ಲು ಮತ್ತೊಂದು ಕಡೆಯವರ ಮನೆಗೆ ಹೋಗಿದೆ. ಬಿಲ್ಲು ಎಲ್ಲಿಗೆ ಹೋಯಿತು ಅಂತ ಹುಡುಕಲು ನೀರಿನ ಬೆನ್ನು ಹತ್ತುವುದೇ ಸುಲಭ.

ಹುಬ್ಬಳ್ಳಿ-ಧಾರವಾಡ ಕೂತಿರುವುದು ಮಳೆ ನೀರು ಎರಡು ದಿಕ್ಕಿಗೆ ಸರಿಯುವ ದಿಬ್ಬದ ಮೇಲೆ. ಪಡುವಣಕ್ಕೆ ಬಿದ್ದದ್ದು ಶಾಲ್ಮಲಾ, ಬೇಡ್ತಿ ಹಿಡಿದು, ಮಾಗೋಡದಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ. ಮೂಡಣಕ್ಕೆ ಬಿದ್ದದ್ದು ಬೆಣ್ಣಿಹಳ್ಳ, ತುಪ್ಪರಿಹಳ್ಳದ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. (ಬೆಣ್ಣೆ, ತುಪ್ಪ ಅಂತ ಹಳ್ಳಗಳಿಗೆ ಹೆಸರಿಟ್ಟವರು ದನಕರು ಚೆನ್ನಾಗಿದ್ದ ಕಾಲದವರೇ ಇರಬೇಕು.) ದಿಬ್ಬದ ಮೇಲಿನ ಊರಿಗೆ ಸ್ವಂತ ನದಿ ಎಲ್ಲಿಂದ ಬರಬೇಕು? ಅದಕ್ಕೇ ಹಿರೀಕರು ಕೆರೆ ಕಟ್ಟಿಕೊಂಡರು: ಉಣಕಲ್, ಕೆಲಗೇರಿ, ಸಾಧನಕೇರಿ, ನವಲೂರು. ಊರು ಬೆಳೆದ ಮೇಲೆ, 1950ರ ದಶಕದಲ್ಲಿ, ಬೇಡ್ತಿಗೆ ಅಡ್ಡಲಾಗಿ ನೀರಸಾಗರ ಬಂತು. ಅದೂ ಸಾಲದಾಗಿ 1980ರ ದಶಕದಿಂದ ಸವದತ್ತಿಯ ಬಳಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು. ಜಲಾಶಯ ತುಂಬಿದಾಗಿನ ಮಟ್ಟ 2,079.50 ಅಡಿ, ಅಂದರೆ ಸುಮಾರು 634 ಮೀಟರ್. ಧಾರವಾಡ ಅದಕ್ಕಿಂತ ನೂರು ಮೀಟರಿನಷ್ಟು ಎತ್ತರದಲ್ಲಿದೆ. ನಾವು ಕುಡಿಯುವ ಪ್ರತಿ ಕೊಡವನ್ನೂ ಕರೆಂಟು ಹೊತ್ತು ಗುಡ್ಡ ಹತ್ತಿಸುತ್ತದೆ, ಅಮ್ಮಿನಭಾವಿಯಲ್ಲಿ ಅದನ್ನು ಶುದ್ಧ ಮಾಡುತ್ತಾರೆ, ಕೊಳವೆಗೆ ಬಿಡುತ್ತಾರೆ. ಅಷ್ಟು ದೂರದಿಂದ ಅಷ್ಟು ಎತ್ತರಕ್ಕೆ ಬಂದ ನೀರನ್ನು ನಾವು ನಸುಕಿನಲ್ಲಿ ಎದ್ದು ಗಟಾರಕ್ಕೆ ಸುರಿಯುತ್ತೇವೆ.

ಸುರಿಯುವವರನ್ನು ಬೈದು ಪ್ರಯೋಜನವಿಲ್ಲ. ವಾರಕ್ಕೊಮ್ಮೆ ನೀರು ಅಂದರೆ ಯಾರಾದರೂ ಎರಡು ಡ್ರಮ್ಮು ಹೆಚ್ಚೇ ತುಂಬಿಡುತ್ತಾರೆ. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ಹಗಲೂ ರಾತ್ರಿ ನೀರು ಕೊಡುವ ಪ್ರಯೋಗ ಶುರುವಾಯಿತು. ಆ ವಾರ್ಡಿನ ಮನೆಗಳಲ್ಲಿ ಡ್ರಮ್ಮು ಅಟ್ಟ ಸೇರಿದವು. ನಳ ತಿರುಗಿಸಿದರೆ ನೀರು ಬರುವಾಗ ಯಾರು ಕೂಡಿಡುತ್ತಾರೆ, ಯಾರು ಚೆಲ್ಲುತ್ತಾರೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಯದೇ ಎರಡೂ ಬಗೆಯ ನಳದ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ರೋಗಾಣುಗಳ ಸುಳಿವು ಹೆಚ್ಚು ಸಲ ಸಿಕ್ಕಿತ್ತು. ಕಾರಣ ಸರಳ. ಒತ್ತಡವಿಲ್ಲದೆ ಖಾಲಿ ಬಿದ್ದ ಕೊಳವೆ ಬಿರುಕಿನಿಂದ ಸುತ್ತಲಿನ ಹೊಲಸನ್ನು ಎಳೆದುಕೊಳ್ಳುತ್ತದೆ. ನೀರು ಬಿಟ್ಟಾಗ ಮೊದಲು ಹೊರಬರುವುದು ಅದೇ. ಅದಕ್ಕೇ ನಮ್ಮ ಅಕ್ಕಾರು ಮೊದಲ ಹತ್ತು ನಿಮಿಷದ ನೀರನ್ನು ಮುಟ್ಟುವುದಿಲ್ಲ. ಅವರಿಗೆ ಯಾವ ಅಧ್ಯಯನವೂ ಬೇಕಾಗಿರಲಿಲ್ಲ.

ಪ್ರಯೋಗ ಗೆದ್ದಿತು ಅಂತ ಎಲ್ಲರೂ ಒಪ್ಪಿದರು, ಪ್ರಶಸ್ತಿಗಳೂ ಬಂದವು. ಆದರೆ ಆ ವಾರ್ಡಿನ ಗಡಿ ದಾಟಿದ ಕೂಡಲೇ ಡ್ರಮ್ಮುಗಳ ರಾಜ್ಯ ಶುರುವಾಗುವ ಸ್ಥಿತಿ ಹದಿನೈದು ವರ್ಷ ಮೀರಿ ಉಳಿಯಿತು. ನಮ್ಮಲ್ಲಿ ಯೋಜನೆ ಸೋಲುವುದಕ್ಕಿಂತ ಹೀಗೆ ಒಂದು ಮೂಲೆಯಲ್ಲಿ ಗೆದ್ದು ಅಲ್ಲೇ ನಿಂತುಬಿಡುವುದು ಹೆಚ್ಚು.

ಇನ್ನು ಚೆಲ್ಲಿದ ನೀರು. ಉಣಕಲ್ ಕೆರೆಯಿಂದ ಹೊರಟ ನಾಲಾ ಊರ ನಡುವೆ ಹಾದು, ಎರಡೂ ದಂಡೆಯ ಗಟಾರಗಳನ್ನು ಕೂಡಿಸಿಕೊಂಡು ಗಬ್ಬೂರು ಕಡೆ ಇಳಿಯುತ್ತದೆ, ಕೊನೆಗೆ ಬೆಣ್ಣಿಹಳ್ಳದ ದಾರಿ ಹಿಡಿಯುತ್ತದೆ. ಗಬ್ಬೂರಿನಲ್ಲಿ ಶುದ್ಧೀಕರಣ ಘಟಕವಿದೆ. ಒಳಚರಂಡಿಗೆ ಸೇರಿದ ನೀರು ಅಲ್ಲಿಗೆ ಹೋಗುತ್ತದೆ. ಸೇರದ ನೀರು ನಾಲಾದಲ್ಲೇ ಉಳಿಯುತ್ತದೆ. ಊರಾಚೆಯ ಬುಡರಸಿಂಗಿ, ಕಟ್ನೂರಿನಂಥ ಹಳ್ಳಿಗಳ ರೈತರು ಈ ನಾಲಾಕ್ಕೆ ಪಂಪ್‌ಸೆಟ್ ಹಚ್ಚಿ ಹೊಲಕ್ಕೆ ಎತ್ತಿಕೊಂಡರು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರೂ ಸೇರಿ ಮಾಡಿದ ಅಧ್ಯಯನವೊಂದು 2003ರಲ್ಲೇ ಇದನ್ನು ವಿವರವಾಗಿ ದಾಖಲಿಸಿತ್ತು. ಮಳೆ ನಂಬಿದರೆ ವರ್ಷಕ್ಕೊಂದು ಬೆಳೆ. ಗಟಾರ ನಂಬಿದರೆ ವರ್ಷವಿಡೀ ಕಾಯಿಪಲ್ಲೆ. ಬೋರು ಬತ್ತಬಹುದು, ಕಾಲುವೆ ಬಾರದಿರಬಹುದು, ಹುಬ್ಬಳ್ಳಿಯವರು ಬಚ್ಚಲಿಗೆ ಹೋಗುವುದು ಮಾತ್ರ ತಪ್ಪುವುದಿಲ್ಲ. ಆದರೆ ಅದೇ ನೀರಿನಲ್ಲಿ ಕಳೆ, ಕೀಟದ ಕಾಟ ಹೆಚ್ಚು, ಔಷಧಿ ಹೊಡೆಯುವುದು ಹೆಚ್ಚು, ಪ್ಲಾಸ್ಟಿಕ್ಕಿನ ಜೊತೆ ಆಸ್ಪತ್ರೆಯ ಸೂಜಿಗಳೂ ಬರುತ್ತವೆ. ಬರಿಗಾಲಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳ ಕಾಲಿಗೆ ಚುಚ್ಚುತ್ತವೆ. ಆ ಪಲ್ಲೆ ಮತ್ತೆ ಹುಬ್ಬಳ್ಳಿಯ ಸಂತೆಗೇ ಬರುತ್ತದೆ.

ಈ ರೈತರನ್ನು ಕಾನೂನು ತೋರಿಸಿ ತಡೆಯುವುದು ಸುಲಭ. ತಡೆದರೆ ಅವರ ಹೊಟ್ಟೆಗೆ ಕಲ್ಲು. ಬಿಟ್ಟರೆ ಎಲ್ಲರ ಹೊಟ್ಟೆಗೂ ಹುಳ. ಶುದ್ಧ ಮಾಡಿದ ನೀರನ್ನು ಅದೇ ರೈತರಿಗೆ, ಇಂಥ ದಿನ ಇಷ್ಟು ಅಂತ ಕಾಲುವೆಯ ನೀರಿನ ಹಾಗೆ ಕೊಡುವುದು ನನಗೆ ಕಾಣುವ ಏಕೈಕ ಮರ್ಯಾದೆಯ ದಾರಿ. ಅದಕ್ಕೆ ನಗರದ ಲೆಕ್ಕದ ಪುಸ್ತಕದಲ್ಲಿ ಹಳ್ಳಿಗೂ ಒಂದು ಪುಟ ಬೇಕು. ಸದ್ಯ ನಗರದ ಪುಸ್ತಕ ನಗರದ ಹದ್ದಿಗೇ ಮುಗಿಯುತ್ತದೆ.

ಬೆಣ್ಣಿಹಳ್ಳ ಮುಂದೆ ನವಲಗುಂದದ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಹರಿದು, ಅಣೆಕಟ್ಟಿನ ಎಷ್ಟೋ ಕೆಳಗೆ ಮಲಪ್ರಭೆ ಸೇರುತ್ತದೆ. ಮೇಲಿನಿಂದ ಒಯ್ದದ್ದನ್ನು ಕೆಳಗಿನಿಂದ ವಾಪಸು ಕೊಟ್ಟಂತಾಯಿತು. ಕೊಟ್ಟ ರೂಪ ಯಾವುದು ಅನ್ನುವುದು ಬೇರೆ ಮಾತು.

ಆ ಎರಿ ಭೂಮಿಯವರ ಕತೆ ಇನ್ನೂ ಹಳೆಯದು. ಮಲಪ್ರಭಾ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಮುಗಿಯಿತು, 37.73 ಟಿಎಂಸಿ (ಶತಕೋಟಿ ಘನ ಅಡಿ) ಸಾಮರ್ಥ್ಯ. ಕಾಲುವೆ ಬರುತ್ತದೆ, ಬಂಗಾರ ಬೆಳೆಯಬಹುದು ಅಂದರು. ಕಾಲುವೆಗಿಂತ ಮೊದಲು ಬಂದದ್ದು ‘ಬೆಟರ್‌ಮೆಂಟ್ ಲೆವಿ’, ನಮ್ಮ ಭಾಷೆಯಲ್ಲಿ ಅಭಿವೃದ್ಧಿ ಕರ. ನೀರು ಮುಟ್ಟದ ಕಾಲುವೆಯ ತುದಿಯ ಹೊಲಗಳಿಗೂ ಕರದ ನೋಟಿಸು ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಆ ಕಿಡಿಯೇ ರಾಜ್ಯದ ರೈತ ಚಳವಳಿಗೆ ಹೊತ್ತಿಕೊಂಡಿತು. ಪ್ರತಿ ಜುಲೈ 21ಕ್ಕೆ ಅಲ್ಲಿ ಈಗಲೂ ಹುತಾತ್ಮರ ದಿನ ಆಚರಿಸುತ್ತಾರೆ. ‘ಅಭಿವೃದ್ಧಿ’ ಅನ್ನುವ ಶಬ್ದ ಕೇಳಿದರೆ ಅಲ್ಲಿಯ ಹಿರಿಯರ ಮುಖದಲ್ಲಿ ಏನೋ ಒಂದು ಹಾದುಹೋಗುವುದು ಸುಮ್ಮನೆ ಅಲ್ಲ.

ನೀರು ಮುಟ್ಟಿದ ಕಡೆಯಾದರೂ ಸುಖವೇ? ಎರಿ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಇಳಿದು ಹೋಗಲು ದಾರಿಯಿಲ್ಲದ ನೀರು ಕೆಳಗಿನ ಉಪ್ಪನ್ನು ಮೇಲಕ್ಕೆ ತರುತ್ತದೆ. ಕಾಲುವೆಯ ಬಾಯಿಯ ಹೊಲಗಳು ಹತ್ತಿಪ್ಪತ್ತು ವರ್ಷದಲ್ಲಿ ಸವಳು ಬಿದ್ದವು. ತುದಿಯವರಿಗೆ ನೀರಿಲ್ಲ, ಬಾಯಿಯವರಿಗೆ ಭೂಮಿ ಇಲ್ಲ. ಕಾಲುವೆ ಕಟ್ಟುವಾಗಲೇ ಬಸಿಗಾಲುವೆಯನ್ನೂ ತೋಡಬೇಕಿತ್ತು ಅನ್ನುವುದು ಗೊತ್ತಿದ್ದ ವಿಚಾರವೇ. ತೋಡಿದ ಕಾಲುವೆಗೆ ಉದ್ಘಾಟನೆ ಇರುತ್ತದೆ, ಬಸಿಗಾಲುವೆಗೆ ಇರುವುದಿಲ್ಲ.

ಈಗ ಎಲ್ಲರ ಬಾಯಲ್ಲಿರುವುದು ಇಲ್ಲಿಂದ ಗೋವಾಕ್ಕೆ ಹರಿಯುವ ಮಹದಾಯಿ ನದಿ. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಹಬ್ಬ ಮಾಡಿದವರಲ್ಲಿ ಎಷ್ಟು ಜನ ಒಳಗಿನ ಲೆಕ್ಕ ಓದಿದರೋ! ಅದರಲ್ಲಿ ದೊಡ್ಡ ಪಾಲು ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು ಮಹದಾಯಿ ಸೇರುವ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಒಟ್ಟು 3.90 ಟಿಎಂಸಿ; ಅದೂ ಕುಡಿಯುವುದಕ್ಕೆ. 2020ರ ಫೆಬ್ರುವರಿಯಲ್ಲಿ ಅಧಿಸೂಚನೆ ಬಂತು, 2022ರ ಕೊನೆಯಲ್ಲಿ ಕೇಂದ್ರ ಜಲ ಆಯೋಗ ವಿಸ್ತೃತ ಯೋಜನೆಗೆ ಒಪ್ಪಿತು, ಅರಣ್ಯ-ವನ್ಯಜೀವಿ ಅನುಮತಿಯ ಹಗ್ಗಜಗ್ಗಾಟ ಮುಂದುವರಿಯಿತು. ನರಗುಂದದ ರೈತರು 2015ರ ಜುಲೈಯಿಂದ ವರ್ಷಗಟ್ಟಲೆ ಧರಣಿ ಕೂತರು. 2016ರ ಜುಲೈನಲ್ಲಿ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ಎದ್ದ ಗಲಾಟೆಯಲ್ಲಿ ಯಮನೂರು, ಅಳಗವಾಡಿಯವರು ಪೊಲೀಸರ ಲಾಠಿ ಏಟು ತಿಂದರು.

ಆ ಹೋರಾಟದ ಹಸಿವು ಸುಳ್ಳಲ್ಲ. ಆದರೆ ಕುಡಿಯುವ ನೀರಿನ ಹೆಸರಿನಲ್ಲಿ ಬರುವ 3.90 ಟಿಎಂಸಿಯಲ್ಲಿ ಪೇಟೆಯ ಪಾಲು ಎಷ್ಟು, ಕಾಲುವೆಯ ತುದಿಯ ಹೊಲದ ಪಾಲು ಎಷ್ಟು ಅಂತ ಕೇಳಿದರೆ ಸಭೆಯಲ್ಲಿ ಗದ್ದಲವಾಗುತ್ತದೆ. ಧರಣಿ ಕೂತವರು ರೈತರು, ನಳ ತಿರುಗಿಸುವವರು ನಾವು. ಕಣಕುಂಬಿಯ ಕಾಡು ಕಡಿದರೆ ಮಲಪ್ರಭೆಯ ಮೂಲವೇ ಸೊರಗುತ್ತದೆ ಅನ್ನುವವರ ಮಾತನ್ನು ‘ಗೋವಾದವರ ಏಜೆಂಟರು’ ಅಂತ ತಳ್ಳಿಹಾಕುವುದೂ ರೂಢಿಯಾಗಿದೆ. ಮಲಪ್ರಭೆ ಹುಟ್ಟುವುದು ಅದೇ ಕಣಕುಂಬಿಯಲ್ಲಿ.

ಈ ನಡುವೆ ಆಕಾಶದ ವರಸೆಯೂ ಬದಲಾಗಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಎರಡೂ ಉಕ್ಕಿ ನರಗುಂದ ತಾಲ್ಲೂಕಿನ ಊರುಗಳು ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ಅದೇ ಹೊಲ, ನಾಲ್ಕು ವರ್ಷದ ಅಂತರ. ನೆಲದಡಿಯ ನೀರು ಸವಳಾಗಿರುವ ನವಲಗುಂದದ ಕಡೆ ಕೃಷಿ ಹೊಂಡ ತೋಡಿದವರು ಮಾತ್ರ ಸ್ವಲ್ಪ ಉಸಿರಾಡುತ್ತಾರೆ. ಎರಿ ಮಣ್ಣಿನ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆಯೂ ಬೇಕಿಲ್ಲ, ಮಣ್ಣೇ ನೀರು ಹಿಡಿಯುತ್ತದೆ. ಮಳೆ ಬಿದ್ದಲ್ಲೇ ಅದನ್ನು ನಿಲ್ಲಿಸುವ ಇಂಥ ಕೆಲಸಕ್ಕೆ ನ್ಯಾಯಮಂಡಳಿಯ ಅಪ್ಪಣೆ ಬೇಕಾಗುವುದಿಲ್ಲ.

ನೀರಿನ ಮಾತು ಇಷ್ಟಕ್ಕೆ ಬಿಟ್ಟು ಹಾವೇರಿಗೆ ಬರೋಣ. ‘ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತಾರದೆ ಇಂದಿನ ಅಗತ್ಯ ಪೂರೈಸುವುದು’ ಅಂತ ಸುಸ್ಥಿರ ಅಭಿವೃದ್ಧಿಗೆ ವಿವರಣೆ ಕೊಟ್ಟದ್ದು ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಂಡ್ ನೇತೃತ್ವದ ಆಯೋಗ, 1987ರಲ್ಲಿ. ಅದೇ 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ, ಊರ ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಹಣ್ಣಿನ, ಮೇವಿನ ಗಿಡ ಹಚ್ಚಿದರು. ‘ಕಿತ್ತಿಕೊ-ಹಚ್ಚಿಕೊ’ ಅಂತ ಹೆಸರು. ಆಯೋಗದ ಕಾಗದ ಕುಸನೂರು ಮುಟ್ಟಿರಲಿಲ್ಲ, ಕುಸನೂರಿನ ಸುದ್ದಿ ಆಯೋಗವನ್ನು ಮುಟ್ಟಿರಲಿಲ್ಲ. ಎರಡೂ ಹೇಳುತ್ತಿದ್ದದ್ದು ಮಾತ್ರ ಒಂದೇ.

ಹಿನ್ನೆಲೆ ಹೀಗೆ. ರೇಯಾನ್ ನೂಲಿಗೆ ಬೇಕಾದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಮತ್ತು ರಾಜ್ಯ ಸರ್ಕಾರ 1984ರಲ್ಲಿ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಕಂಪನಿ ಮಾಡಿಕೊಂಡವು. ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿ, ಅಂದರೆ ಹಳ್ಳಿಗರ ದನ ಮೇಯುವ, ಕಟ್ಟಿಗೆ ತರುವ ಜಾಗ, ಅದರ ಕೈಗೆ. ಕಾಗದದಲ್ಲಿ ಅದು ‘ಪಾಳು ಭೂಮಿ’. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಸ್ಥೆ, ಅದರ ಎಸ್.ಆರ್. ಹಿರೇಮಠ, ಸುಪ್ರೀಂ ಕೋರ್ಟಿಗೆ ಅರ್ಜಿದಾರರಾಗಿ ಶಿವರಾಮ ಕಾರಂತರು, ಹೀಗೆ ಹಲವರು ಹಿಂದೆ ನಿಂತರು. 1991ರಲ್ಲಿ ಕಂಪನಿಯನ್ನೇ ಮುಚ್ಚಬೇಕಾಯಿತು.

ನನಗೆ ಇದರಲ್ಲಿ ಕುತೂಹಲದ ಸಂಗತಿ ‘ಪಾಳು’ ಅನ್ನುವ ಶಬ್ದ. ಕುರಿ ಕಾಯುವವನಿಗೆ ಅದು ಪಾಳಲ್ಲ, ಕಸಬರಿಗೆ ಕಟ್ಟುವವಳಿಗೆ ಪಾಳಲ್ಲ. ಅವರಿಬ್ಬರ ಗಳಿಕೆ ಯಾವ ರಿಜಿಸ್ಟರಿನಲ್ಲೂ ಇಲ್ಲ, ಆದ್ದರಿಂದ ಪಾಳು. ಗದಗದ ಕಡೆ ಗಾಳಿ ವಿದ್ಯುತ್ತಿನ ಕಂಬಗಳು, ಸೋಲಾರ್ ಫಲಕಗಳು ಬರುತ್ತಿರುವ ಈ ಹೊತ್ತಿನಲ್ಲಿ ಆ ಶಬ್ದ ಮತ್ತೆ ಕೇಳುತ್ತಿದೆ. ಗಾಳಿ ವಿದ್ಯುತ್ತಿಗೆ ನನ್ನ ವಿರೋಧವಿಲ್ಲ. ಆದರೆ ‘ಫ್ಯಾನು’ ನಿಲ್ಲಿಸಲು (ಅಲ್ಲಿಯ ಮಂದಿ ಹಾಗೇ ಕರೆಯುವುದು) ಗುಡ್ಡದ ನೆತ್ತಿಯವರೆಗೆ ಲಾರಿ ಹೋಗುವ ರಸ್ತೆ ಕಡಿಯಬೇಕು. ಆ ರಸ್ತೆಯಲ್ಲಿ ಮಳೆಗಾಲಕ್ಕೆ ಮಣ್ಣು ಇಳಿಯುತ್ತದೆ. ಹೊಲ ಲೀಸಿಗೆ ಕೊಟ್ಟ ಮಾಲಕನಿಗೆ ವರ್ಷಕ್ಕಿಷ್ಟು ಅಂತ ಹಣ ಬರುತ್ತದೆ, ಅದೇ ಹೊಲದಲ್ಲಿ ಕಡಲೆ ಕೀಳುತ್ತಿದ್ದ ಕೂಲಿಯವಳಿಗೆ ಏನೂ ಬರುವುದಿಲ್ಲ. ಹಸಿರು ಕರೆಂಟಿನ ಲೆಕ್ಕದಲ್ಲಿ ಆಕೆಯ ಕಾಲಂ ಇಲ್ಲ.

ಗದಗದವರು ಲೆಕ್ಕ ಕೇಳದೆ ಬಿಟ್ಟವರಲ್ಲ. 2010ರ ಹೂಡಿಕೆದಾರರ ಸಮಾವೇಶದ ನಂತರ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ 3,000 ಎಕರೆಗೂ ಹೆಚ್ಚು ಹೊಲ ಗುರುತಿಸಿದಾಗ ರೈತರು ಬೇಡ ಅಂದರು, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ಬೀದಿಗೆ ಬಂದರು, 2011ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕಪ್ಪತಗುಡ್ಡದ್ದು ಇನ್ನೂ ಉದ್ದನೆಯ ಕತೆ. ‘ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು’ ಅನ್ನಿಸಿಕೊಂಡ ಆ ಗುಡ್ಡದಲ್ಲಿ ಔಷಧಿ ಸಸ್ಯಗಳೂ ಇವೆ, ಕೆಳಗೆ ಬಂಗಾರದ ಅದಿರೂ ಇದೆ. ಎರಡೂ ಒಟ್ಟಿಗಿರುವುದೇ ಅದರ ಗ್ರಹಚಾರ. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಣೆ, 2016ರ ನವೆಂಬರಿನಲ್ಲಿ ಅದೇ ಘೋಷಣೆ ವಾಪಸು, 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಧರಣಿ, ಏಪ್ರಿಲಿನಲ್ಲಿ ಮತ್ತೆ ಘೋಷಣೆ, 2019ರಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿ ಧಾಮ. ಮೊದಲ ಒಂದೂವರೆ ವರ್ಷದಲ್ಲೇ ಒಂದೇ ಗುಡ್ಡ ಮೂರು ಸಲ ವೇಷ ಬದಲಿಸಿತು. ಧಾಮ ಆದ ಮೇಲೂ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದು ನಿಂತಿಲ್ಲ, ಸುತ್ತಲ ಹದ್ದು ಎಷ್ಟಿರಬೇಕು ಅನ್ನುವ ಚೌಕಾಶಿಯೂ ನಿಂತಿಲ್ಲ.

ಬೆಳೆಯ ಮಾತನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಕತೆ. ಜೋಳ, ಕಡಲೆ, ಕುಸುಬಿ, ಜಯಧರ ಹತ್ತಿ ಅಕ್ಕಪಕ್ಕ ಬೆಳೆಯುತ್ತಿದ್ದ ಹೊಲಗಳನ್ನು ಹಾವೇರಿಯ ಕಡೆ ಗೋವಿನಜೋಳ ಮತ್ತು ಬಿಟಿ ಹತ್ತಿ ಆವರಿಸಿಕೊಂಡವು. ಎರಡಕ್ಕೂ ಗೊಬ್ಬರ ಬೇಕು, ಮಳೆ ಬಿದ್ದ ಅದೇ ವಾರ ಬೇಕು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಪಾಳಿ ಹಚ್ಚಿದ್ದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಈಗಲೂ ಜೂನ್ ಬಂದರೆ ಸೊಸೈಟಿ ಎದುರು ಪಾಳಿಯಲ್ಲಿ ಚಪ್ಪಲಿ ಇಟ್ಟು ಹೋಗಿರುತ್ತಾರೆ. ಮಣ್ಣಿಗೆ ಸಗಣಿ ಗೊಬ್ಬರ ಹಾಕಿ ಅನ್ನುವುದು ಸುಲಭ, ದನ ಎಲ್ಲಿವೆ? ದನ ಮೇಯುವ ಗೋಮಾಳ ಎಲ್ಲಿದೆ?

ಬೆಂಗೇರಿಯ ಸಂಗತಿ ಇದಕ್ಕಿಂತ ನೋವಿನದು, ಯಾಕೆಂದರೆ ಅಲ್ಲಿ ಎಲ್ಲವೂ ಸರಿಯಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರದು; ರಾಷ್ಟ್ರಧ್ವಜ ತಯಾರಿಸಲು 2006ರಲ್ಲಿ ಮಾನಕ ಬ್ಯೂರೋ ಮುದ್ರೆ ಪಡೆದದ್ದು. ಧಾರವಾಡದ ಗರಗದಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ. ನೂಲುವವರು, ನೇಯುವವರು, ಹೊಲಿಯುವವರು ಹೆಚ್ಚಿನಂಶ ಹೆಂಗಸರು. ಕೈನೂಲು, ಕೈಮಗ್ಗ, ಊರಲ್ಲೇ ಕೂಲಿ, ಹೊಗೆಯಿಲ್ಲ, ಗಟಾರಕ್ಕೆ ವಿಷವಿಲ್ಲ. ಆ 17 ಚೌಕಗಳಲ್ಲಿ ಎಷ್ಟಕ್ಕೆ ಸರಿಹೊಂದುತ್ತದೆ ಅಂತ ನಾನೊಮ್ಮೆ ಎಣಿಸಿದ್ದೆ, ಎಂಟಾದ ಮೇಲೆ ಬಿಟ್ಟೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರ್, ಯಂತ್ರದ ಬಟ್ಟೆಯ ಧ್ವಜಕ್ಕೂ ಅವಕಾಶವಾಯಿತು. ಮರುವರ್ಷದ ಆಗಸ್ಟಿಗೆ ಮನೆಮನೆಯ ಮೇಲೂ ಬಾವುಟ ಹಾರಿತು, ಬೆಂಗೇರಿಯಲ್ಲಿ ಪ್ರತಿಭಟನೆ ನಡೆಯಿತು. ಸುಸ್ಥಿರವಾದದ್ದೊಂದು ನಮ್ಮ ಬಗಲಲ್ಲೇ ಅರವತ್ತು ವರ್ಷ ನಡೆದುಕೊಂಡು ಬಂದಿತ್ತು. ಅದನ್ನು ಯಾವ ವರದಿಯೂ ಆ ಹೆಸರಿನಿಂದ ಕರೆಯಲಿಲ್ಲ. ಕರೆದಿದ್ದರೆ ಉಳಿಯುತ್ತಿತ್ತೇ ಅಂದರೆ ಅದೂ ಅನುಮಾನವೇ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಹುಬ್ಬಳ್ಳಿಯವರು ಬಿಡುವುದಿಲ್ಲ. 2018ರ ಅಕ್ಟೋಬರಿನಲ್ಲಿ ಓಡಾಟ ಶುರುಮಾಡಿದ ತ್ವರಿತ ಬಸ್ ಸಾರಿಗೆ ಬಿಆರ್‌ಟಿಎಸ್, ಸುಮಾರು 22 ಕಿಲೋಮೀಟರ್, ಪ್ರತ್ಯೇಕ ದಾರಿ. ಬಸ್ಸು ತಣ್ಣಗಿರುತ್ತದೆ, ಬೇಗ ಹೋಗುತ್ತದೆ, ಸಾವಿರಾರು ಹುಡುಗ ಹುಡುಗಿಯರು ಅದರಲ್ಲೇ ಕಾಲೇಜಿಗೆ ಹೋಗುತ್ತಾರೆ. ನಾನೂ ಅದರ ಪರ. ಆದರೆ ಅದರ ದಾರಿಗಾಗಿ ಬಿದ್ದ ಮರಗಳ ನೆರಳು ಯಾರ ಲೆಕ್ಕಕ್ಕೂ ಬರಲಿಲ್ಲ. ಅಗಲವಾದ ರಸ್ತೆಯ ಬಗಲಿಗೆ ಲೇಔಟುಗಳು ಬಂದವು, ನವಲೂರಿನ ಪೇರಲ ತೋಟಗಳು ಸೈಟುಗಳಾದವು. ಮೊದಲೆಲ್ಲ ಸೀಜನ್ನಿಗೆ ಧಾರವಾಡದ ಬಸ್ಸು ಹತ್ತಿದರೆ ನವಲೂರಿನ ಅಜ್ಜಿಯರು ಬುಟ್ಟಿ ಹೊತ್ತು ಹತ್ತುತ್ತಿದ್ದರು, ಇಡೀ ಬಸ್ಸು ಪೇರಲ ವಾಸನೆ. ಚಿಗರಿಯ ಬಾಗಿಲು ತಾನೇ ತೆರೆದು ತಾನೇ ಮುಚ್ಚುತ್ತದೆ, ಬುಟ್ಟಿಗೆ ಜಾಗ ಎಲ್ಲಿದೆ ಅಂತ ಈಗಲೂ ನನಗೆ ಗೊತ್ತಾಗಿಲ್ಲ.

ಹೋಳಿ ಹುಣ್ಣಿಮೆಯ ಆಸುಪಾಸು ಯಮನೂರು ಜಾತ್ರೆ. ಬೆಣ್ಣಿಹಳ್ಳದ ದಂಡೆಯ ಊರು. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗ್ ಸವಾರ್, ಗುಡಿ-ದರ್ಗಾ ಒಂದೇ. ಹಳ್ಳದ ನೀರಿನಿಂದಲೇ ಅಲ್ಲಿ ದೀಪ ಹಚ್ಚುತ್ತಾರೆ ಅನ್ನುವುದು ನಂಬಿಕೆ. ಹಳ್ಳದಲ್ಲಿ ಮಿಂದರೆ ಚರ್ಮದ ರೋಗ ಹೋಗುತ್ತದೆ ಅನ್ನುವುದೂ ನಂಬಿಕೆ. ಎದುರು ಮನೆಯ ಅಕ್ಕಾರು ವರ್ಷ ತಪ್ಪಿಸುವುದಿಲ್ಲ. ಹೋದ ಸಲ ಬರುವಾಗ ನಮಗೂ ಒಂದು ಬಾಟಲಿ ತಂದುಕೊಟ್ಟರು. ಸ್ವಲ್ಪ ಮಣ್ಣಿನ ಬಣ್ಣ, ಹಿಡಿದು ನೋಡಿದರೆ ತಳದಲ್ಲಿ ಕಪ್ಪಗೆ ಏನೋ ಕೂತಿದೆ. ಆ ನೀರು ಎಲ್ಲಿಂದ ಬಂತು ಅಂತ ಹೇಳಲು ಬಾಯಿ ತೆರೆದು ಸುಮ್ಮನಾದೆ. ಅವರ ಬಾಟಲಿ ಅವರ ದೇವರ ಜಗಲಿಯ ಮೇಲಿದೆ. ನೀರು ಬಂದ ದಿನ ಮನೆಯಲ್ಲಿ ಇದ್ದಬದ್ದ ಹಳೆ ನೀರನ್ನೆಲ್ಲ ಚೆಲ್ಲುವಾಗಲೂ ಅದೊಂದನ್ನು ಅವರು ಮುಟ್ಟುವುದಿಲ್ಲ.